ವೇಗಕ್ಕೆ ಯಾಕೆ ವರ್ಗ? ವಿಜ್ಞಾನದ ಪಠ್ಯಪುಸ್ತಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಹೈಸ್ಕೂಲಿನ ವಿಜ್ಞಾನ ಪುಸ್ತಕಗಳನ್ನು ಬರೆಯುವ, ತಿದ್ದುವ, ಒಪ್ಪಿಗೆ ಕೊಡುವ ಎಲ್ಲರಿಗೂ ನಮಸ್ಕಾರ.

ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಮೂವತ್ತೊಂದು ವರ್ಷ ಹಳ್ಳಿ ಶಾಲೆಗಳಲ್ಲೇ ಪಾಠ ಮಾಡಿದವಳು. ನಿಮ್ಮನ್ನು ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಬೈಯುವುದಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಯಾಕೆ ಅಂತ ಹೇಳಿಬಿಡುತ್ತೇನೆ.

ಒಂಬತ್ತನೇ ಕ್ಲಾಸು. ಕೆಲಸ ಮತ್ತು ಶಕ್ತಿಯ ಪಾಠ. ಬೋರ್ಡಿನ ಮೇಲೆ ಚಲನಶಕ್ತಿಯ ಸೂತ್ರ ಬರೆದಿದ್ದೆ. ಅರ್ಧ, ದ್ರವ್ಯರಾಶಿ, ವೇಗದ ವರ್ಗ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ವೇಗಾನ ಯಾಕೆ ಎರಡು ಸಲ ಗುಣಿಸ್ಬೇಕು? ಒಂದು ಸಲ ಸಾಲ್ದಾ?”

ಗಡಿಯಾರ ನೋಡಿದೆ. ಬೆಲ್ ಹೊಡೆಯಲು ಹತ್ತು ನಿಮಿಷ ಇತ್ತು, ಇನ್ನೂ ಎರಡು ಲೆಕ್ಕ ಬಾಕಿ. “ಕೆಳಗೆ ಡೆರಿವೇಷನ್ ಇದೆಯಲ್ಲ, ಬರ್ಕೋ. ಪರೀಕ್ಷೆಗೆ ಅದು ಸಾಕು” ಅಂದೆ. ಹುಡುಗಿ ಕೂತಳು, ಬರೆದುಕೊಂಡಳು. ವರ್ಷ ಮುಗಿಯುವ ತನಕ ಮತ್ತೆ ಎದ್ದು ನಿಲ್ಲಲಿಲ್ಲ. ಆಗ ಅದು ನನ್ನ ಗಮನಕ್ಕೂ ಬರಲಿಲ್ಲ ನೋಡಿ. ಕ್ಲಾಸು ಶಾಂತವಾಗಿದೆ ಅಂತ ಖುಷಿಯಾಗಿದ್ದೆ.

ನಿವೃತ್ತಿಯಾದ ಮೇಲೆ ಓದಲು ಪುರುಸೊತ್ತು ಸಿಕ್ಕಿತು. ಆಗ ತಿಳಿಯಿತು, ಆ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಅದೇ ಪ್ರಶ್ನೆಗೆ ಯುರೋಪಿನ ಪಂಡಿತರೆಲ್ಲ ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಜಗಳ ಆಡಿದ್ದರು. ಆ ಜಗಳದ ನಡುವೆ ನಿಂತು, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಗೇ ಅಚ್ಚಿನಲ್ಲಿ ಉತ್ತರ ಕೊಟ್ಟವಳು ಒಬ್ಬ ಹೆಂಗಸು. ಎಮಿಲಿ ದು ಶಾತ್ಲೆ. 1706ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, 1749ರಲ್ಲಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡವಳು. ಮೂವತ್ತೊಂದು ವರ್ಷ ಪಾಠ ಮಾಡಿದ ನಾನು ಆಕೆಯ ಹೆಸರನ್ನೇ ಕೇಳಿರಲಿಲ್ಲ.

ನಿಮಗೆ ಈ ಪತ್ರ ಬರೆಯಲು ಇನ್ನೊಂದು ಕಾರಣವೂ ಇದೆ. ಎಮಿಲಿ ನಿಮ್ಮ ಕಸುಬಿನವಳು. ಆಕೆ ಬರೆದದ್ದು ಪಠ್ಯಪುಸ್ತಕ. 1740ರಲ್ಲಿ ಹೊರಬಂದ ‘ಭೌತಶಾಸ್ತ್ರದ ಪಾಠಗಳು’ ಅನ್ನಬಹುದಾದ ಆ ಪುಸ್ತಕವನ್ನು ಆಕೆ ಬರೆದದ್ದು ತನ್ನ ಮಗನಿಗೆ. ಹುಡುಗನಿಗೆ ಆಗ ಹದಿಮೂರರ ಹತ್ತಿರ, ಅಂದರೆ ನಮ್ಮ ಎಂಟನೇ ಕ್ಲಾಸಿನ ಮಕ್ಕಳ ವಯಸ್ಸು. ಮಕ್ಕಳ ಕೈಗೆ ಕೊಡಬಹುದಾದ ಪೂರ್ತಿ ಭೌತಶಾಸ್ತ್ರದ ಪುಸ್ತಕ ಫ್ರೆಂಚ್‌ನಲ್ಲಿ ಇಲ್ಲ, ಇರುವ ಒಂದು ಬಹಳ ಹಳತಾಯಿತು ಅಂತ ಮುನ್ನುಡಿಯಲ್ಲೇ ಹೇಳುತ್ತಾಳೆ. ನಮ್ಮ ಸಭೆಗಳಲ್ಲಿ ನಾವು ಹೇಳುವ ಮಾತೇ, ಅಲ್ವಾ?

ಆ ಮುನ್ನುಡಿಯನ್ನು ನೀವು ಒಮ್ಮೆ ಓದಬೇಕು. ಭೌತಶಾಸ್ತ್ರ ಅಂದರೆ ದೊಡ್ಡ ಕಟ್ಟಡ, ಒಬ್ಬನ ಕೈಯಲ್ಲಿ ಮುಗಿಯುವಂಥದ್ದಲ್ಲ ಅನ್ನುತ್ತಾಳೆ. ಕೆಲವರು ಒಂದು ಕಲ್ಲು ಇಟ್ಟು ಹೋಗುತ್ತಾರೆ, ಕೆಲವರು ಒಂದು ಪಾರ್ಶ್ವವನ್ನೇ ಕಟ್ಟುತ್ತಾರೆ. ಆ ಕಾಲಕ್ಕೆ ಫ್ರಾನ್ಸಿನವರಿಗೆ ತತ್ವಜ್ಞಾನಿ ದೆಕಾರ್ತ್ ನಮ್ಮವನು, ಇಂಗ್ಲಿಷಿನವರಿಗೆ ನ್ಯೂಟನ್ ನಮ್ಮವನು, ಜರ್ಮನರಿಗೆ ಗಣಿತಜ್ಞ, ತತ್ವಜ್ಞಾನಿ ಲೈಬ್ನಿಜ್. ಮಗನಿಗೆ ಆಕೆ ಹೇಳುವುದು: ಸತ್ಯ ಹುಡುಕುವಾಗ ನಮ್ಮ ದೇಶ, ನಿಮ್ಮ ದೇಶ ಅಂತ ನೋಡಬೇಡ. ಪಕ್ಷ ಕಟ್ಟಿಕೊಳ್ಳುವ ಹಟ ಬದುಕಿನ ಎಲ್ಲ ಕಡೆಯೂ ಅಪಾಯ, ಭೌತಶಾಸ್ತ್ರದಲ್ಲಂತೂ ಅದು ನಗೆಪಾಟಲು. ಇದು ಪಠ್ಯಪುಸ್ತಕದ ಮುನ್ನುಡಿ ಸ್ವಾಮಿ, ಭಾಷಣ ಅಲ್ಲ.

ಊಹೆಗಳ ಬಗ್ಗೆಯೇ ಒಂದು ಅಧ್ಯಾಯ ಇಟ್ಟಿದ್ದಾಳೆ. ಊಹೆ ಅನ್ನುವುದು ಮನೆ ಕಟ್ಟುವಾಗ ಹಾಕುವ ಸಾರುವೆಯ ಹಾಗೆ. ಸಾರುವೆಯೇ ಮನೆ ಅಲ್ಲ, ಆದರೆ ಅದಿಲ್ಲದೆ ಗೋಡೆ ಏಳುವುದಿಲ್ಲ. ಒಂದು ಊಹೆಯನ್ನು ಒಪ್ಪಲು ಒಂದು ಪ್ರಯೋಗ ಸಾಲದು, ಬಿಡಲು ಮಾತ್ರ ಎದುರಾದ ಒಂದೇ ಪ್ರಯೋಗ ಸಾಕು. ಪುಸ್ತಕದ ತಳಪಾಯವಾಗಿ ಲೈಬ್ನಿಜನ ಒಂದು ತತ್ವವನ್ನೂ ತಂದಿಟ್ಟಿದ್ದಾಳೆ. ಏನೇ ಇರಲಿ, ಅದು ಬೇರೆ ಥರ ಇರದೆ ಹೀಗೇ ಇರುವುದಕ್ಕೆ ಸಾಕಷ್ಟು ಕಾರಣ ಇರಲೇಬೇಕು. ನಮ್ಮ ಮೂರನೇ ಬೆಂಚಿನ ಹುಡುಗಿ ಕೇಳಿದ್ದೂ ಇದೇ. ಒಂದು ಸಲ ಅಲ್ಲ, ಎರಡೇ ಸಲ ಯಾಕೆ?

ಈಗ ಆ ಜಗಳಕ್ಕೆ ಬರೋಣ.

ಚಲಿಸುವ ವಸ್ತುವಿನ ‘ಬಲ’ವನ್ನು ಅಳೆಯುವುದು ಹೇಗೆ? ದೆಕಾರ್ತನ ಕಡೆಯವರು ದ್ರವ್ಯರಾಶಿಯನ್ನು ವೇಗದಿಂದ ಒಂದು ಸಲ ಗುಣಿಸಿ ಅಂದರು. 1686ರಲ್ಲಿ ಲೈಬ್ನಿಜ್ ಅದು ತಪ್ಪು, ವೇಗದ ವರ್ಗದಿಂದ ಗುಣಿಸಬೇಕು ಅಂದ. ಅದಕ್ಕೆ ಅವನಿಟ್ಟ ಹೆಸರು ‘ಜೀವಂತ ಬಲ’. 1722ರಲ್ಲಿ ಹಾಲೆಂಡಿನ ಲೈಡನ್ ಊರಿನ ಪ್ರೊಫೆಸರ್ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬಿಟ್ಟು, ಬಿದ್ದ ಗುಂಡಿಗಳನ್ನು ಅಳೆದ. ಅವನು ನ್ಯೂಟನ್ನನ ಶಿಷ್ಯವರ್ಗದವನು. ಆದರೂ ಮಣ್ಣು ಲೈಬ್ನಿಜನ ಪರವಾಗಿ ಸಾಕ್ಷಿ ಹೇಳಿತು, ಅವನು ಒಪ್ಪಿಕೊಂಡ.

ಇಲ್ಲಿ ಒಂದು ಮಾತು. ಮೊಬೈಲಿನಲ್ಲಿ ಓಡಾಡುವ ಲೇಖನಗಳಲ್ಲಿ ಗುಂಡು ಬಿಟ್ಟವಳೂ ಎಮಿಲಿಯೇ, ಸೂತ್ರ ಕಂಡುಹಿಡಿದವಳೂ ಎಮಿಲಿಯೇ ಅಂತ ಬರೆದುಬಿಡುತ್ತಾರೆ. ಐನ್‌ಸ್ಟೀನನ ಸೂತ್ರದ ತನಕ ಆಕೆಯ ಹೆಸರನ್ನು ಎಳೆದುಕೊಂಡು ಹೋಗುವವರೂ ಇದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಪ್ರಯೋಗ ಗ್ರಾವೆಸಾಂಡೆಯದು, ವಿಚಾರ ಲೈಬ್ನಿಜನದು. ಎಮಿಲಿ ಮಾಡಿದ್ದು ಬೇರೆ ಕೆಲಸ, ನನ್ನ ಲೆಕ್ಕದಲ್ಲಿ ಅಷ್ಟೇ ಕಷ್ಟದ್ದು. ಎರಡೂ ಕಡೆಯವರನ್ನು ಓದಿ, ತೂಗಿ ನೋಡಿ, ತನ್ನ ಅಭಿಪ್ರಾಯವನ್ನೇ ಬದಲಿಸಿಕೊಂಡಳು. ಅದೂ ಎಲ್ಲರ ಕಣ್ಣೆದುರಿಗೆ.

ಹೇಗೆ ಅಂದರೆ, ಅಕಾಡೆಮಿ ಬೆಂಕಿಯ ಸ್ವರೂಪದ ಬಗ್ಗೆ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತ್ತು. ಆಗ ಎಮಿಲಿ ಸಿರೆ ಅನ್ನುವ ಊರಿನ ತನ್ನ ಗಂಡನ ಬಂಗಲೆಯಲ್ಲಿ ಇದ್ದಳು, ಜೊತೆಗೆ ಪ್ರಸಿದ್ಧ ಲೇಖಕ ವೋಲ್ಟೇರ್. ಅವನೂ ಸ್ಪರ್ಧೆಗೆ ಇಳಿದಿದ್ದ. ಕಬ್ಬಿಣ ಕಾಯಿಸಿ, ತಕ್ಕಡಿಗೆ ಹಾಕಿ, ಬೆಂಕಿಗೆ ತೂಕ ಇದೆಯಾ ಅಂತ ನೋಡುತ್ತಿದ್ದ. ಎಮಿಲಿಗೆ ಅವನ ವಾದ ಒಪ್ಪಿಗೆಯಾಗಲಿಲ್ಲ. ಹಗಲು ಪ್ರಯೋಗ ಮಾಡಿದರೆ ಅವನಿಗೆ ಗೊತ್ತಾಗುತ್ತದೆ. ಹಾಗಾಗಿ ರಾತ್ರಿ ಹೊತ್ತು ಕೂತು, ಅವನಿಗೆ ಹೇಳದೆ, ಅವನ ವಾದಕ್ಕೆ ಎದುರಾಗಿ ತನ್ನದೇ ಪ್ರಬಂಧ ಬರೆದಳು. ನಿದ್ದೆ ಬರದಿರಲಿ ಅಂತ ಕೈಯನ್ನು ತಣ್ಣೀರಿನಲ್ಲಿ ಅದ್ದುತ್ತಿದ್ದಳಂತೆ. ಬಹುಮಾನ ಇಬ್ಬರಿಗೂ ಬರಲಿಲ್ಲ, ಗೆದ್ದವರಲ್ಲಿ ಒಬ್ಬ ಗಣಿತಜ್ಞ ಆಯ್ಲರ್. ಆದರೂ ಅಕಾಡೆಮಿ ಅವರಿಬ್ಬರ ಪ್ರಬಂಧವನ್ನೂ 1739ರಲ್ಲಿ ಅಚ್ಚು ಹಾಕಿಸಿತು.

ಆ ಪ್ರಬಂಧದಲ್ಲಿ ಆಕೆ ಮೆರಾನ್ ಅನ್ನುವ ಪಂಡಿತನನ್ನು ಹೊಗಳಿದ್ದಳು. ಮೆರಾನ್ ‘ಒಂದೇ ಸಲ ಗುಣಿಸಿ’ ಪಕ್ಷದವನು. ಆಮೇಲೆ ಆಕೆ ಲೈಬ್ನಿಜನನ್ನು ಓದಿದಳು. ಮನಸ್ಸು ಬದಲಾಯಿತು. 1740ರ ಪಠ್ಯಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅದೇ ಮೆರಾನನ ಹೆಸರು ಹಿಡಿದು, ಅವನ ವಾದ ಎಲ್ಲಿ ಜಾರುತ್ತದೆ ಅಂತ ತೋರಿಸಿದಳು. ಅಷ್ಟರಲ್ಲಿ ಮೆರಾನ್ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ. ಸಿಟ್ಟು ಬಂತು. 1741ರ ಫೆಬ್ರುವರಿಯಲ್ಲಿ ಒಂದು ಬಹಿರಂಗ ಪತ್ರ ಬರೆದ. ಅಮ್ಮಾವ್ರೇ, ನೀವು ಮೊದಲು ಬೇರೆ ಹೇಳಿದ್ರಿ, ಈಗ ಯಾರದೋ ಮಾತು ಕೇಳಿ ಬದಲಾಗಿದ್ದೀರಿ, ನನ್ನದನ್ನು ಇನ್ನೊಮ್ಮೆ ಸರಿಯಾಗಿ ಓದಿ ಅನ್ನುವ ಧಾಟಿ.

ಮಾರ್ಚ್ ಮುಗಿಯುವುದರೊಳಗೆ ಬ್ರಸೆಲ್ಸಿನಿಂದ ಆಕೆಯ ಉತ್ತರ ಬಂತು. ಅದೂ ಬಹಿರಂಗ ಪತ್ರವೇ. ಓದಿದ್ದೇನೆ, ಮತ್ತೆ ಓದಿದ್ದೇನೆ, ತಪ್ಪು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ ಅನ್ನುವ ಅರ್ಥದಲ್ಲಿ, ಅವನ ವಾದವನ್ನು ಒಂದೊಂದಾಗಿ ಬಿಡಿಸಿ ಇಟ್ಟಳು. ಕಾರ್ಯದರ್ಶಿಗಳು ಮತ್ತೆ ಬಾಯಿ ಬಿಡಲಿಲ್ಲ. ವೋಲ್ಟೇರನೂ ಈ ವಿಷಯದಲ್ಲಿ ಮೆರಾನನ ಕಡೆಗೇ ಇದ್ದ, ಹಾಗಂತ ಬರೆದೂ ಬರೆದ. ಒಂದೇ ಮನೆಯಲ್ಲಿ ಎರಡು ಪಕ್ಷ. ಅದಕ್ಕೆ ಆ ಮನೆ ಮುರಿಯಲಿಲ್ಲ.

ಹೆಂಗಸು ಬರೆದಳು ಅಂದಮೇಲೆ ಬರುವ ಇನ್ನೊಂದು ಮಾತೂ ಬಂತು. ಸ್ವಲ್ಪ ಕಾಲ ಆಕೆಗೆ ಗಣಿತ ಹೇಳಿಕೊಟ್ಟ ಕೋನಿಗ್ ಅನ್ನುವವನು, ಆ ಪುಸ್ತಕ ನನ್ನ ಪಾಠದ ನೋಟ್ಸು ಅಂತ ಪ್ಯಾರಿಸ್ಸಿನಲ್ಲಿ ಹೇಳಿಕೊಂಡು ತಿರುಗಿದ. ಆತ ಆಕೆಯ ಮನೆಗೆ ಬರುವ ಮೊದಲೇ ಪುಸ್ತಕದ ಕೈಪ್ರತಿ ಅಚ್ಚಿನ ಮನೆ ಸೇರಿತ್ತು. ಮೊದಲ ಮುದ್ರಣದಲ್ಲಿ ಆಕೆಯ ಹೆಸರು ಇರಲಿಲ್ಲ. ಇಷ್ಟೆಲ್ಲ ಆದಮೇಲೆ 1742ರ ಮುದ್ರಣದಲ್ಲಿ ಹೆಸರು ಹಾಕಿಸಿದಳು.

ಹಾಗಾದರೆ ಎಮಿಲಿ ಗೆದ್ದಳು, ಮೆರಾನ್ ಸೋತ ಅಂತ ಮಕ್ಕಳಿಗೆ ಹೇಳಬಹುದಾ? ಇಲ್ಲ. ಇಲ್ಲೇ ನನಗೆ ರುಚಿ ಹತ್ತಿದ್ದು. ನಿಮ್ಮ ಪುಸ್ತಕವನ್ನೇ ತೆಗೆಯಿರಿ. ಒಂದು ಪಾಠದಲ್ಲಿ ಸಂವೇಗ ಇದೆ, ಅಲ್ಲಿ ವೇಗ ಒಂದೇ ಸಲ. ಇನ್ನೊಂದು ಪಾಠದಲ್ಲಿ ಚಲನಶಕ್ತಿ, ಅಲ್ಲಿ ಎರಡು ಸಲ. ಪಕ್ಕದ ಮನೆಯವರ ಹಾಗೆ ತಣ್ಣಗೆ ಕೂತಿವೆ. ಒಂದು ಕಾಲದಲ್ಲಿ ಇವೆರಡೂ ಕೊರಳಪಟ್ಟಿ ಹಿಡಿದುಕೊಂಡಿದ್ದವು ಅಂತ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಬೈಕಿನ ಉದಾಹರಣೆ ತಗೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದ್ದಾಗ ಬ್ರೇಕ್ ಹಿಡಿದರೆ ಗಾಡಿ ಸುಮಾರು 7 ಮೀಟರ್ ಹೋಗಿ ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. 60ರಲ್ಲಿದ್ದಾಗ ಅದೇ ಬ್ರೇಕನ್ನು ಅಷ್ಟೇ ಬಿಗಿಯಾಗಿ ಹಿಡಿಯಿರಿ. ನಿಲ್ಲಲು ಬೇಕಾದ ಸಮಯ ಎರಡರಷ್ಟು. ಓಡುವ ದೂರ ಮಾತ್ರ ನಾಲ್ಕರಷ್ಟು, 28 ಮೀಟರ್. ಬ್ರೇಕು ಎಷ್ಟು ಹೊತ್ತು ಹಿಡಿಯಬೇಕು ಅಂತ ಕೇಳಿದರೆ ವೇಗ ಒಂದು ಸಲ. ಎಷ್ಟು ದೂರ ಹಿಡಿಯಬೇಕು ಅಂದರೆ ಎರಡು ಸಲ. ಒಂದು ಪಕ್ಷದವರು ಹೊತ್ತು ಅಳೆದರು, ಇನ್ನೊಂದು ಪಕ್ಷದವರು ದೂರ ಅಳೆದರು, ಇಬ್ಬರೂ ಅದಕ್ಕೆ ‘ಬಲ’ ಅಂತಲೇ ಹೆಸರಿಟ್ಟರು. ಇದು ಹೆಚ್ಚಾಗಿ ಪದದ ಜಗಳ ಅಂತ 1743ರಲ್ಲೇ ಫ್ರೆಂಚ್ ಗಣಿತಜ್ಞ ದಲಂಬೇರ್ ಹೇಳಿದ. ತನ್ನ ಅಳತೆಯೊಂದೇ ನಿಜವಾದ ಅಳತೆ ಅಂದ ಎಮಿಲಿಯೂ ಪೂರ್ತಿ ಸರಿ ಇರಲಿಲ್ಲ. ಸೂತ್ರದ ಮುಂದಿನ ಆ ‘ಅರ್ಧ’ ಬಂದದ್ದು ಇನ್ನೂ ತಡವಾಗಿ, 1829ರಲ್ಲಿ, ಫ್ರೆಂಚ್ ವಿಜ್ಞಾನಿ ಕೊರಿಯೊಲಿಸ್‌ನಿಂದ.

ನಮ್ಮ ಡೆರಿವೇಷನ್ನಿನಲ್ಲಿ ಕೆಲಸ ಅಂದರೆ ಬಲ ಗುಣಿಸು ದೂರ ಅಂತ ಶುರು ಮಾಡುತ್ತೇವೆ. ದೂರ ಅಂದ ಕೂಡಲೇ ವರ್ಗ ಒಳಗೆ ಬಂದಾಯಿತು. ಹುಡುಗಿಯ ಪ್ರಶ್ನೆಗೆ ಉತ್ತರ ಆ ಮೊದಲ ಸಾಲಿನಲ್ಲೇ ಅಡಗಿ ಕೂತಿದೆ, ಮುಂದಿನ ಆರು ಸಾಲು ಬರೀ ಲೆಕ್ಕ. ‘ಬರ್ಕೋ’ ಅಂದ ನನಗೇ ಅದು ಗೊತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಗ್ರಾವೆಸಾಂಡೆಯ ಪ್ರಯೋಗವನ್ನು ನಮ್ಮ ಅಂಗಳದಲ್ಲಿ ಮಾಡಿ ನೋಡಿದೆ. ಅಕ್ಕಪಕ್ಕದ ಮಕ್ಕಳು ನಾಲ್ಕು ಜನ ಇದ್ದರು. ಒಂದೇ ಗಾತ್ರದ ಎರಡು ಪ್ಲಾಸ್ಟಿಕ್ ಬಾಲು ತಂದು, ತೂತು ಕೊರೆದು, ಮರಳು ತುಂಬಿ, ಎಂ-ಸೀಲ್ ಹಾಕಿ ಮುಚ್ಚಿದೆವು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದು 200 ಗ್ರಾಂ, ಇನ್ನೊಂದು 50 ಗ್ರಾಂ ಬರುವ ಹಾಗೆ ಸರಿಮಾಡಿದೆವು. ಗಾರೆ ಬಾಂಡ್ಲಿಯಲ್ಲಿ ಜೇಡಿಮಣ್ಣು ಕಲಸಿ ಮೇಲೆ ಸಮ ಮಾಡಿದೆವು. ಭಾರದ್ದನ್ನು 25 ಸೆಂಟಿಮೀಟರ್ ಎತ್ತರದಿಂದ ಬಿಟ್ಟೆವು, ಹಗುರದ್ದನ್ನು 1 ಮೀಟರ್ ಎತ್ತರದಿಂದ.

ಎತ್ತರ ನಾಲ್ಕರಷ್ಟಾದರೆ ಬೀಳುವ ವೇಗ ಎರಡರಷ್ಟು. ವೇಗವನ್ನು ಒಂದೇ ಸಲ ಗುಣಿಸುವುದಾದರೆ ಭಾರದ ಬಾಲು ಎರಡರಷ್ಟು ದೊಡ್ಡ ಗುಂಡಿ ತೋಡಬೇಕು. ವರ್ಗದಿಂದ ಗುಣಿಸುವುದಾದರೆ ಗುಂಡಿ ಎರಡೂ ಒಂದೇ ಸಮ. ಮೊದಲು ಮಕ್ಕಳ ಕೈಯಲ್ಲಿ ಊಹೆ ಹೇಳಿಸಿದೆ. ಮೂವರು ಭಾರದ ಬಾಲಿನ ಗುಂಡಿಯೇ ದೊಡ್ಡದು ಅಂದರು. ಒಬ್ಬ ಸುಮ್ನೆ ನಿಂತಿದ್ದ. ಆಮೇಲೆ ಔಷಧಿ ಸಿರಿಂಜಿನಲ್ಲಿ ನೀರು ತುಂಬಿ, ಒಂದೊಂದು ಗುಂಡಿಗೂ ಎಷ್ಟು ಹಿಡಿಯುತ್ತದೆ ಅಂತ ಅಳೆದೆವು. ಎರಡಕ್ಕೂ 6 ಮಿಲಿಲೀಟರ್ ಆಸುಪಾಸು. “ಅಜ್ಜಿ, ಮೋಸ! ಇನ್ನೊಂದ್ಸಲ” ಅಂದಳು ಪಕ್ಕದ ಮನೆಯ ಹುಡುಗಿ. ಒಂಬತ್ತು ಸಲ ಮಾಡಿದೆವು. ಕತ್ತಲಾಗುವ ಹೊತ್ತಿಗೆ ಸೀರೆಯೆಲ್ಲ ಮಣ್ಣು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ನನಗೆ ಎರಡು ಪುಟ ಕೊಡಿ. ಆ ಎರಡು ಪುಟದಲ್ಲಿ ಈ ಜಗಳ ಬರಲಿ. ಯಾರು ಏನು ಅಂದರು, ಮಣ್ಣು ಏನು ಹೇಳಿತು, ಯಾರು ಮನಸ್ಸು ಬದಲಿಸಿದರು, ಯಾವುದು ಎಷ್ಟರಮಟ್ಟಿಗೆ ಸರಿ. ‘ನಿಮಗಿದು ಗೊತ್ತೇ?’ ಅನ್ನುವ ಬಣ್ಣದ ಚೌಕದಲ್ಲಿ ಮಹಿಳಾ ವಿಜ್ಞಾನಿ ಅಂತ ಒಂದು ಫೋಟೋ, ಹುಟ್ಟಿದ ವರ್ಷ, ಸತ್ತ ವರ್ಷ ಹಾಕಿ ಮುಗಿಸಬೇಡಿ. ಅಂಥ ಚೌಕ ಪರೀಕ್ಷೆಗೆ ಬರುವುದಿಲ್ಲ ಅಂತ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಾಗೇ ಆಕೆ ವೋಲ್ಟೇರನ ಗೆಳತಿ ಅಂತ ಶುರು ಮಾಡಬೇಡಿ. ಅವನು ಆಕೆಯನ್ನು ದೊಡ್ಡ ಮನುಷ್ಯ ಅಂತ ಹೊಗಳಿ, ಇದ್ದ ಒಂದೇ ದೋಷ ಹೆಂಗಸಾಗಿದ್ದದ್ದು ಅಂತ ಸೇರಿಸಿದ. ಪ್ರೀತಿಯಿಂದಲೇ ಹೇಳಿದನೋ ಏನೋ. ನನಗಂತೂ ಓದಿದಾಗ ಮೈ ಉರಿಯಿತು. ಗಂಡಸಿನ ವೇಷದಲ್ಲಿ ಕಾಫಿ ಅಂಗಡಿಗೆ ಹೋದಳು ಅನ್ನುವ ಕಥೆ, ಇಸ್ಪೀಟು, ವಜ್ರದ ಒಡವೆ, ಇವೂ ಬೇಡ. ಆದರೆ ಆಕೆ ಬಹಳ ಶ್ರೀಮಂತರ ಮನೆಯವಳು ಅನ್ನುವುದನ್ನು ಮುಚ್ಚಿಡಬೇಡಿ. ಮೊಪರ್ತ್ವಿ, ಕ್ಲೆರೋ ಅಂಥ ಗಣಿತಜ್ಞರಿಂದಲೇ ಪಾಠ ಹೇಳಿಸಿಕೊಳ್ಳುವ ಅನುಕೂಲ ಇತ್ತು. ಅಷ್ಟಿದ್ದೂ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಸದಸ್ಯಳಾಗುವ ಹಾಗಿರಲಿಲ್ಲ. 1746ರಲ್ಲಿ ಸದಸ್ಯತ್ವ ಕೊಟ್ಟದ್ದು ಇಟಲಿಯ ಬೊಲೊನ್ಯಾ ಊರಿನ ಅಕಾಡೆಮಿ. ಪ್ಯಾರಿಸ್ಸಿನವರು 1911ರಲ್ಲಿ ಮೇರಿ ಕ್ಯೂರಿಯನ್ನೂ ಸೋಲಿಸಿದರು. ಪೂರ್ಣ ಸದಸ್ಯಳಾಗಿ ಮೊದಲ ಹೆಂಗಸು ಒಳಗೆ ಬಂದದ್ದು 1979ರಲ್ಲಿ. ನಾನಾಗ ಹೈಸ್ಕೂಲಿನಲ್ಲಿದ್ದೆ.

ಬೇರೊಬ್ಬರ ಪುಸ್ತಕವನ್ನು ಫ್ರೆಂಚ್‌ಗೆ ತರುವಾಗ ಎಮಿಲಿ ಬರೆದ ಮುನ್ನುಡಿಯೊಂದಿದೆ. ನಾನು ರಾಜನಾಗಿದ್ದರೆ ಮನುಷ್ಯಕುಲದ ಅರ್ಧ ಭಾಗವನ್ನು ಹೊರಗಿಟ್ಟಿರುವ ಈ ಪದ್ಧತಿಯನ್ನು ತೆಗೆಯುತ್ತಿದ್ದೆ, ಹೆಂಗಸರಿಗೆ ಎಲ್ಲ ಹಕ್ಕಿನಲ್ಲೂ ಪಾಲು ಕೊಡುತ್ತಿದ್ದೆ, ಮುಖ್ಯವಾಗಿ ಬುದ್ಧಿಯ ಹಕ್ಕಿನಲ್ಲಿ, ಅನ್ನುತ್ತಾಳೆ. ಬೈಬಲನ್ನು ಪುಸ್ತಕ ಪುಸ್ತಕವಾಗಿ ಪರೀಕ್ಷಿಸಿ, ಇದು ಹೊಂದುತ್ತದಾ, ಇದು ನಂಬುವಂತಿದೆಯಾ ಅಂತ ಕೇಳುತ್ತಾ ಹೋದ ಬರವಣಿಗೆಯೂ ಆಕೆಯದಿದೆ. ಆಗ ಅದನ್ನು ಅಚ್ಚು ಹಾಕಿಸುವ ಮಾತೇ ಇರಲಿಲ್ಲ. ಕೈಪ್ರತಿಯಾಗಿಯೇ ಉಳಿದು, ಪುಸ್ತಕವಾಗಿ ಬಂದದ್ದು 2011ರಲ್ಲಿ.

ಕೊನೆಯ ವರ್ಷದ ಬಗ್ಗೆ ಒಂದಿಷ್ಟು ಹೇಳಬೇಕು. ಚಲನೆ, ಗುರುತ್ವದ ನಿಯಮಗಳಿರುವ ನ್ಯೂಟನ್ನನ ಪುಸ್ತಕ ‘ಪ್ರಿನ್ಸಿಪಿಯಾ’ವನ್ನು ಲ್ಯಾಟಿನ್‌ನಿಂದ ಫ್ರೆಂಚ್‌ಗೆ ತರುವ ಕೆಲಸ ಹಿಡಿದಿದ್ದಳು. ಬರೀ ಅನುವಾದ ಅಲ್ಲ, ಅದರ ಜೊತೆ ತನ್ನದೇ ವಿವರಣೆ. ನಡುವೆ ಗರ್ಭಿಣಿಯಾದಳು, 42ನೇ ವಯಸ್ಸಿನಲ್ಲಿ. ಆ ಕಾಲಕ್ಕೆ ಆ ವಯಸ್ಸಿನ ಹೆರಿಗೆ ಅಂದರೆ ಏನು ಅಂತ ಆಕೆಗೂ ಗೊತ್ತಿತ್ತು. ಆಗಿನ ಒಂದು ಕಾಗದದಲ್ಲಿ ತನ್ನ ದಿನಚರಿ ಬರೆದಿದ್ದಾಳೆ. ಬೆಳಿಗ್ಗೆ ಒಂಬತ್ತಕ್ಕೆ, ಕೆಲವು ದಿನ ಎಂಟಕ್ಕೆ ಏಳುವುದು. ಮೂರರ ತನಕ ಕೆಲಸ. ಕಾಫಿ. ನಾಲ್ಕಕ್ಕೆ ಮತ್ತೆ ಶುರು, ಹತ್ತಕ್ಕೆ ನಿಲ್ಲಿಸಿ ಒಬ್ಬಳೇ ಒಂದು ತುತ್ತು ಊಟ. ನಡುರಾತ್ರಿ ತನಕ ಮಾತು. ಆಮೇಲೆ ಬೆಳಗಿನ ಜಾವ ಐದರ ತನಕ ಮತ್ತೆ ಕೆಲಸ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಡಿ.ಎಡ್. ಪರೀಕ್ಷೆಗೆ ಓದಿದ ನನ್ನ ಸಹೋದ್ಯೋಗಿಗಳು ನೆನಪಾದರು.

ಹೆರಿಗೆ ಹತ್ತಿರ ಬಂದಾಗ ಕೈಪ್ರತಿಯನ್ನು ರಾಜನ ಗ್ರಂಥಾಲಯಕ್ಕೆ ಕಳಿಸಿ, ಕಳೆದುಹೋಗದ ಹಾಗೆ ನಂಬರ್ ಹಾಕಿ ಇಡಿ ಅಂತ ಕೇಳಿಕೊಂಡಳು. 1749ರ ಸೆಪ್ಟೆಂಬರ್ 4ರಂದು ಹೆಣ್ಣು ಮಗು ಹುಟ್ಟಿತು. 10ರಂದು ಎಮಿಲಿ ತೀರಿಕೊಂಡಳು. ಮಗುವೂ ಬಹಳ ದಿನ ಉಳಿಯಲಿಲ್ಲ. ಹತ್ತು ವರ್ಷದ ಮೇಲೆ, 1759ರಲ್ಲಿ, ಅನುವಾದ ಪೂರ್ತಿಯಾಗಿ ಅಚ್ಚಾಯಿತು. ಹ್ಯಾಲಿಯ ಧೂಮಕೇತು ನ್ಯೂಟನ್ನನ ನಿಯಮ ಹೇಳಿದ ಹಾಗೇ ತಿರುಗಿ ಬಂದ ವರ್ಷ ಅದು. ಅದು ಯಾವಾಗ ಬರುತ್ತದೆ ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕಿದ ಮೂವರಲ್ಲಿ ಒಬ್ಬಳು ನಿಕೋಲ್-ರೇನ್ ಲೆಪೋತ್. ಆಕೆಯ ಹೆಸರೂ ಆಮೇಲೆ ಬಿಟ್ಟುಹೋಯಿತು, ಅದು ಇನ್ನೊಂದು ಪತ್ರಕ್ಕೆ ಆಗುವಷ್ಟಿದೆ.

ಎರಡು ಪುಟಕ್ಕೆ ಜಾಗ ಎಲ್ಲಿದೆ ಅಂತ ನೀವು ಕೇಳಬಹುದು. ಚಲನಶಕ್ತಿಯ ಪಾಠದ ಕೊನೆಗೆ ಸಂಖ್ಯೆ ಮಾತ್ರ ಬದಲಾದ ಒಂದೇ ಥರದ ಲೆಕ್ಕಗಳು ಎಷ್ಟಿವೆ ಅಂತ ನೀವೇ ಎಣಿಸಿ ನೋಡಿ. ಅದರಲ್ಲಿ ನಾಲ್ಕು ತೆಗೆದರೆ ಜಾಗ ಆಗುತ್ತದೆ. ಅಲ್ಲಿ ಕೇಳುವ ಪ್ರಶ್ನೆಗೆ ‘ಸರಿಯಾದ ಉತ್ತರವನ್ನು ಆರಿಸಿ’ ಬೇಡ. ‘ನೀನು 1741ರಲ್ಲಿ ಇದ್ದಿದ್ದರೆ ಯಾರ ಕಡೆ ಇರುತ್ತಿದ್ದೆ, ಯಾಕೆ?’ ಅಂತ ಕೇಳಿ. ಮೆರಾನನ ಕಡೆ ಅಂತ ಬರೆದ ಮಗುವಿಗೂ, ಕಾರಣ ಸರಿಯಾಗಿ ಕೊಟ್ಟಿದ್ದರೆ, ಪೂರ್ತಿ ಅಂಕ ಕೊಡಿ.

ಪ್ರಯೋಗದ ಬಗ್ಗೆ ಒಂದು ಸೂಚನೆ ಸೇರಿಸುವುದು ಮರೆಯಬೇಡಿ. ಜೇಡಿಮಣ್ಣು ಚಪಾತಿ ಹಿಟ್ಟಿನ ಹದ ಇರಬೇಕು. ನೀರು ಜಾಸ್ತಿಯಾದರೆ ಗುಂಡಿಯ ಅಂಚು ಕುಸಿದು ಅಳತೆ ಕೆಡುತ್ತದೆ. ನಮಗೆ ಮೊದಲ ಮೂರು ಸಲ ಕೆಟ್ಟಿತ್ತು.

ಇತಿ ನಿಮ್ಮ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ